ಬ್ಯಾಂಡ್ ಓಡುತ್ತದೆ, ಮಕ್ಕಳು ನನ್ನ ಕೈ ನೋಡುವುದೇ ಇಲ್ಲ

ಪ್ರಶ್ನೆ: ನಾನು ಉಡುಪಿಯ ಹೈಸ್ಕೂಲೊಂದರಲ್ಲಿ ಸಂಗೀತ ಟೀಚರ್. ಕಲಿತದ್ದು ಕರ್ನಾಟಕ ಸಂಗೀತ. ಈ ವರ್ಷ ಶಾಲೆಯ ಬ್ಯಾಂಡ್ ನನ್ನ ತಲೆಗೆ ಬಿದ್ದಿದೆ. ಕೈ ಬೀಸುವುದನ್ನು ವಿಡಿಯೊ ನೋಡಿ ಕಲಿತೆ. ಆದರೆ ಮಕ್ಕಳು ನನ್ನ ಕಡೆ ನೋಡುವುದೇ ಇಲ್ಲ. ಸರಿಯಾಗಿ ಶುರುವಾದ ಹಾಡು ಮುಗಿಯುವಾಗ ವೇಗ ಹೆಚ್ಚಿ ಓಡುತ್ತಿರುತ್ತದೆ. ಆಗಸ್ಟ್ 15ಕ್ಕೆ ಅಜ್ಜರಕಾಡು ಮೈದಾನದಲ್ಲಿ ನುಡಿಸಬೇಕು. ಏನು ಮಾಡಲಿ?

ಉತ್ತರ: ಮಕ್ಕಳು ಯಾರನ್ನೂ ಅನುಸರಿಸುತ್ತಿಲ್ಲ ಅಂದುಕೊಳ್ಳಬೇಡಿ. ಅವರು ಬಾಸ್ ಡ್ರಮ್ ಹಿಂದೆ ಹೋಗುತ್ತಿದ್ದಾರೆ. ಬೇಕಿದ್ದರೆ ಪರೀಕ್ಷೆ ಮಾಡಿ. ಡ್ರಮ್ ಹುಡುಗನಿಗೆ ಗುಟ್ಟಾಗಿ ‘ಸ್ವಲ್ಪ ಬೇಗ ಬಾರಿಸು’ ಅನ್ನಿ, ನೀವು ನಿಧಾನಕ್ಕೆ ಕೈ ಆಡಿಸಿ. ಇಡೀ ಬ್ಯಾಂಡ್ ಅವನ ಜೊತೆ ಹೋಗುತ್ತದೆ. ಹಾಗಾಗಿ ಮೊದಲು ನಿಮ್ಮ ಹಿಡಿತಕ್ಕೆ ಬರಬೇಕಾದವರು ಡ್ರಮ್‌ನವರು. ಅವರನ್ನು ಬೇರೆ ಕೂರಿಸಿ, ಫೋನಿನಲ್ಲಿ ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಕ್ ಟಕ್ ಅನ್ನುವ ಆ್ಯಪ್) ಹಾಕಿ. ಮಾರ್ಚ್‌ಗೆ ನಿಮಿಷಕ್ಕೆ ಸುಮಾರು 120 ಬೀಟ್. ಸದ್ದು ಪೂರ್ತಿ ಇಟ್ಟರೆ ಮಕ್ಕಳು ಅದಕ್ಕೆ ಒರಗಿ ಬಿಡುತ್ತಾರೆ. ಎಂಟು ಬಾರ್ (ಅಂದರೆ ತಾಳದ ಎಂಟು ಸುತ್ತು) ಮ್ಯೂಟ್ ಮಾಡಿ, ಮತ್ತೆ ಸದ್ದು ಬಿಡಿ. ಎಲ್ಲಿ ಮುಂದೆ ಹೋಗಿದ್ದಾರೆ ಅಂತ ಅವರಿಗೇ ಗೊತ್ತಾಗುತ್ತದೆ. ಹೆಚ್ಚಾಗಿ ಓಡುವುದು ಎರಡು ಕಡೆ: ರೋಲ್ (ಡ್ರಮ್ ಮೇಲೆ ಬಿಡದೆ ಬೇಗ ಬೇಗ ಬಾರಿಸುವುದು) ಬಂದಾಗ, ಮತ್ತು ಸದ್ದು ಜೋರಾಗುತ್ತಾ ಹೋದಾಗ.

ಇನ್ನು ಕೈ ನೋಡದಿರುವ ವಿಷಯ. ನೀವು ‘ಒನ್ ಟೂ ತ್ರೀ ಫೋರ್’ ಅಂತ ಕೂಗಿ ಶುರು ಮಾಡುತ್ತೀರಿ, ಅಲ್ವಾ? ಕಿವಿಗೆ ಸಿಕ್ಕಿದ ಮೇಲೆ ಕಣ್ಣು ಯಾಕೆ ಬೇಕು? ಕೂಗುವುದನ್ನು ಇವತ್ತೇ ನಿಲ್ಲಿಸಿ. ಮೊದಲ ಸ್ವರಕ್ಕೆ ಮುಂಚಿನ ಒಂದು ಬೀಟನ್ನು ಕೈಯಲ್ಲಿ ತೋರಿಸಿ, ಅದರ ಜೊತೆಗೇ ಬಾಯಿಯಿಂದ ಉಸಿರು ಎಳೆಯಿರಿ. ಟ್ರಂಪೆಟ್‌ನವರೂ ಅದೇ ಗಳಿಗೆಯಲ್ಲಿ ಉಸಿರು ತುಂಬಿಕೊಳ್ಳಬೇಕು. ಆ ಒಂದು ಬೀಟ್ ಹಾಡಿನ ವೇಗದಲ್ಲೇ ಇರಬೇಕು. ಕೈ ಪಟ್ಟಂತ ಎತ್ತಿ ನಿಧಾನದ ಹಾಡು ಕೇಳಿದರೆ ಮೊದಲ ಬಾರೇ ಒಡೆದು ಹೋಗುತ್ತದೆ. ಒಂದು ಆಟ ಆಡಿಸಿ: ಬರೀ ಮೊದಲ ಬಾರ್, ಮತ್ತೆ ಮತ್ತೆ, ಪ್ರತಿ ಸಲ ಬೇರೆ ವೇಗ, ಮೊದಲೇ ಹೇಳಬಾರದು. ನೋಡದೆ ಬೇರೆ ದಾರಿಯೇ ಇರುವುದಿಲ್ಲ.

ನಿಮಗೆ ತಾಳ ಹೊಸದಲ್ಲ. ಆದರೆ ತೊಡೆಯ ಮೇಲೆ ಆದಿತಾಳ ಹಾಕುವಾಗ ಪೆಟ್ಟು ಕೇಳಿಸುತ್ತದೆ. ಇಲ್ಲಿ ಗಾಳಿಯಲ್ಲಿ ಕಾಣಿಸಬೇಕು. ನಾಲ್ಕು ಬೀಟಿನ ತಾಳಕ್ಕೆ ಬಲಗೈ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲೆ. ಮೂರಕ್ಕೆ ಕೆಳಗೆ, ಬಲಕ್ಕೆ, ಮೇಲೆ. ಎರಡಕ್ಕೆ ಕೆಳಗೆ, ಮೇಲೆ. ಎಲ್ಲ ಪೆಟ್ಟೂ ಹೊಟ್ಟೆಯ ಎತ್ತರದಲ್ಲಿ, ಒಂದೇ ಮಟ್ಟದಲ್ಲಿ ಬೀಳಲಿ. ಎಡಗೈ ಬಲಗೈಯನ್ನೇ ನಕಲು ಮಾಡುವುದು ಬೇಡ. ‘ಈಗ ನೀವು’, ‘ಮೆತ್ತಗೆ’, ‘ಸಾಕು’ ಅನ್ನಲು ಅದು ಬೇಕು. ಮುಂದಿನ ಸಲ ಯಕ್ಷಗಾನಕ್ಕೆ ಹೋದರೆ ವೇಷ ಬಿಟ್ಟು ಭಾಗವತರನ್ನು ನೋಡಿ. ಕೈಯಲ್ಲಿ ತಾಳ, ಬಾಯಲ್ಲಿ ಪದ, ಆದರೂ ಚೆಂಡೆಯವರಿಗೆ ಹೇಳಬೇಕಾದ್ದನ್ನು ಕಣ್ಣಲ್ಲೇ ಹೇಳಿರುತ್ತಾರೆ.

ಮೈದಾನದ ಮಾತೇ ಬೇರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ದೂರದವನಿಗೆ ಡ್ರಮ್ ಕೇಳುವಾಗ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ. 120ರ ವೇಗದಲ್ಲಿ ಒಂದು ಬೀಟೇ ಅರ್ಧ ಸೆಕೆಂಡ್, ಅಂದರೆ ಅವನು ಬೀಟಿನ ಐದನೇ ಒಂದು ಭಾಗ ಹಿಂದೆ! ಸಾಲು ಉದ್ದ ಮಾಡಬೇಡಿ, ಡ್ರಮ್ ನಡುವೆ ಇರಲಿ. ನಡೆಯುವಾಗ ಹೇಗೂ ನಿಮ್ಮ ಕೈ ಕಾಣುವುದಿಲ್ಲ, ಮುಂದಿರುವವನ ಕೋಲು ಮತ್ತು ಡ್ರಮ್ಮೇ ಗತಿ. ರಾಷ್ಟ್ರಗೀತೆಯನ್ನು ಮಾತ್ರ ಸ್ಟಾಪ್‌ವಾಚ್ ಹಿಡಿದು ಅಭ್ಯಾಸ ಮಾಡಿಸಿ, ಸುಮಾರು 52 ಸೆಕೆಂಡಿಗೆ ಮುಗಿಯಬೇಕು.

ಪ್ರಶ್ನೆ: ಕೀಬೋರ್ಡ್‌ನ ಸಿ ಸ್ವರ ಮತ್ತು ಟ್ರಂಪೆಟ್‌ನ ಸಿ ಸ್ವರ ಸೇರುವುದೇ ಇಲ್ಲ. ಟ್ರಂಪೆಟ್ ಹಾಳಾಗಿದೆಯಾ? (ಮಂಗಳೂರು)

ಉತ್ತರ: ಇಲ್ಲ, ರಿಪೇರಿಗೆ ದುಡ್ಡು ಹಾಕಬೇಡಿ. ಶಾಲೆಗಳಲ್ಲಿರುವ ಟ್ರಂಪೆಟ್, ಕ್ಲಾರಿನೆಟ್ ಸಾಮಾನ್ಯವಾಗಿ ಬಿ ಫ್ಲ್ಯಾಟ್‌ನವು. ಅವರು ಸಿ ಊದಿದರೆ ಕೀಬೋರ್ಡ್‌ನ ಬಿ ಫ್ಲ್ಯಾಟ್ ಕೇಳುತ್ತದೆ. ಆಲ್ಟೊ ಸ್ಯಾಕ್ಸ್ ಇ ಫ್ಲ್ಯಾಟ್‌ನದ್ದು. ಕದ್ರಿ ಗೋಪಾಲನಾಥರ ಊರಿನವರಿಗೆ ಆ ವಾದ್ಯದ ಪರಿಚಯ ಮಾಡಿಸಬೇಕಿಲ್ಲ ಬಿಡಿ. ಎಲ್ಲರೂ ಒಂದೇ ಶ್ರುತಿಗೆ ಬರಲು ಟ್ರಂಪೆಟ್ ಮತ್ತು ಕ್ಲಾರಿನೆಟ್‌ಗೆ ಸಿ, ಆಲ್ಟೊ ಸ್ಯಾಕ್ಸ್‌ಗೆ ಜಿ, ಕೊಳಲಿನಂತಹ ವೆಸ್ಟರ್ನ್ ಫ್ಲೂಟ್‌ಗೆ ಬಿ ಫ್ಲ್ಯಾಟ್ ಹೇಳಿ. ಶ್ರುತಿ ನೋಡುವ ಮುಂಚೆ ಐದು ನಿಮಿಷ ಊದಿಸಿ. ಬಿಸಿಯಾದಂತೆ ಊದುವ ವಾದ್ಯಗಳ ಶ್ರುತಿ ಏರುತ್ತದೆ.

ಪ್ರಶ್ನೆ: ಬ್ಯಾಂಡ್ ಮಾಸ್ಟರ್ ಆಗಲು ಯಾವ ಸರ್ಟಿಫಿಕೇಟ್ ಮಾಡಲಿ? (ಮಂಗಳೂರು)

ಉತ್ತರ: ಸರ್ಟಿಫಿಕೇಟ್ ಆಮೇಲೆ. ಒಂದು ಊದುವ ವಾದ್ಯ ಕಲಿಯಿರಿ, ಕೆಟ್ಟದಾಗಿ ಊದಿದರೂ ಪರವಾಗಿಲ್ಲ. ನೊಟೇಶನ್ ಓದಲು ಟ್ರಿನಿಟಿ ಕಾಲೇಜ್ ಲಂಡನ್‌ನ ಥಿಯರಿ ಪರೀಕ್ಷೆಯ ಪಾಠಗಳು ಸಾಕಷ್ಟು ಉಪಯೋಗಕ್ಕೆ ಬರುತ್ತವೆ. ಜೊತೆಗೆ ನಿಮ್ಮ ಹತ್ತಿರದ ಚರ್ಚ್‌ನ ಕ್ವಾಯರ್ (ಹಾಡುವ ತಂಡ) ಅಭ್ಯಾಸಕ್ಕೆ ಕೇಳಿಕೊಂಡು ಹೋಗಿ ಕೂರಿ. ಕಾರ್ಯಕ್ರಮದ ದಿನ ಬೇಡ, ತಪ್ಪು ತಿದ್ದುವ ದಿನ ಹೋಗಿ.