ಹುಬ್ಬಳ್ಳಿಯಲ್ಲಿದ್ದುಕೊಂಡು ಇಂಗ್ಲೆಂಡಿನ ಲಿವರ್‌ಪೂಲ್ ತಂಡ ಸೋತಿತೆಂದು ಅಳುವುದೇಕೆ? ಯಾರ ಪಕ್ಷವನ್ನೂ ವಹಿಸದೆ ಫುಟ್‌ಬಾಲ್ ಸವಿಯಬಾರದೇ?

ಧಾರಾಳವಾಗಿ ಸವಿಯಬಹುದು. ಆದರೆ ಅಳುವವನಿಗೆ ಸಿಗುವುದು ಆಟದ ಸುಖವಲ್ಲ, ತನ್ನವರು ಗೆದ್ದ ಸುಖ. ಎರಡೂ ಬೇರೆ ಬೇರೆ.

ಕಾರಣ ಇಷ್ಟೇ: ವರ್ಷಗಟ್ಟಲೆ ಬೆಂಬಲಿಸಿದ ತಂಡ ಅಭಿಮಾನಿಯ ಗುರುತಿನ ಭಾಗವಾಗಿಬಿಡುತ್ತದೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ತಂಡ ಗೆದ್ದ ಮೇಲೆ ವಿದ್ಯಾರ್ಥಿಗಳು ಅದರ ಹೆಸರಿರುವ ಬಟ್ಟೆಗಳನ್ನು ಹೆಚ್ಚಾಗಿ ತೊಟ್ಟು ಬರುತ್ತಿದ್ದರು. ಗೆದ್ದಾಗ ‘ನಾವು’ ಎನ್ನುವುದೂ ಹೆಚ್ಚು, ಸೋತಾಗ ‘ಅವರು’. ಸೋತಾಗಲೂ ‘ನಾವು’ ಎನ್ನುವವನೇ ಅಪ್ಪಟ ಅಭಿಮಾನಿ. 1990ರ ನಂತರ ಲಿವರ್‌ಪೂಲ್ ಮತ್ತೆ ಇಂಗ್ಲೆಂಡಿನ ಲೀಗ್ ಗೆದ್ದದ್ದು 2020ರಲ್ಲಿ. ಮೂವತ್ತು ವರ್ಷ ಕಾದವನ ಹಿಗ್ಗು ಅಂದು ಟಿವಿ ಹಚ್ಚಿದವನಿಗೆ ದಕ್ಕುವುದಿಲ್ಲ. ಇದಕ್ಕೆ ಊರಿನ ನಂಟು ಬೇಕಿಲ್ಲ; ಹದಿವಯಸ್ಸಿನಲ್ಲಿ ಅಣ್ಣನೋ ಗೆಳೆಯನೋ ಹತ್ತಿಸಿದ ಹುಚ್ಚು ಸಾಕು. ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಪಂದ್ಯಕ್ಕಾಗಿ ವಿದ್ಯಾನಗರದ ಬಾಡಿಗೆ ಕೋಣೆಯಲ್ಲಿ ರಾತ್ರಿ ಒಂದೂವರೆಗೆ ಎದ್ದು ಕೂರುವ ಹುಡುಗರನ್ನು ಇನ್ನಾವುದು ಎಬ್ಬಿಸೀತು?

ತಟಸ್ಥನಿಗೂ ಲಾಭವಿದೆ. 2016ರಲ್ಲಿ ಪುಟ್ಟ ಲೆಸ್ಟರ್ ಸಿಟಿ ತಂಡ ಇಂಗ್ಲೆಂಡಿನ ಲೀಗ್ ಗೆದ್ದಾಗ ಅವನು ನಿರಾಳವಾಗಿ ಕುಣಿದ. ನನ್ನ ಮಟ್ಟಿಗೆ, ಆಟವನ್ನು ಚೆನ್ನಾಗಿ ಗಮನಿಸುವವನೂ ಅವನೇ. ಅಭಿಮಾನಿಗೆ ತನ್ನವರ ಫೌಲ್ ಕಾಣುವುದೇ ಇಲ್ಲ! ಆದರೆ ಫುಟ್‌ಬಾಲಿನಲ್ಲಿ ಗೋಲುಗಳು ಕಡಿಮೆ. ಒಂದೇ ಗೋಲಿನ ಮುನ್ನಡೆಯನ್ನು ಕಾಯ್ದುಕೊಳ್ಳುವ ಕೊನೆಯ ಇಪ್ಪತ್ತು ನಿಮಿಷ ತಟಸ್ಥನಿಗೆ ಆಕಳಿಕೆ ತರಿಸಬಹುದು, ಅಭಿಮಾನಿಯನ್ನು ಮಾತ್ರ ಕುಳಿತಲ್ಲಿ ಕೂರಗೊಡುವುದಿಲ್ಲ.