ಹಳೆ ಮನೆಯ ತೇಗದ ತೊಲೆಯಿಂದ ಐದು ತಂತಿಯ ಬೇಸ್ ಗಿಟಾರ್ ಮಾಡಿಸಬಹುದಾ? ಪಿಕಪ್ ಯಾವುದು ಹಾಕಿಸಲಿ?

ಮಾಡಿಸಬಹುದು. ತೊಲೆಯನ್ನು ಮಾರಬೇಡಿ. ಆದರೆ ಅದರಲ್ಲಿ ಏನು ಮಾಡಿಸಬೇಕು, ಏನು ಮಾಡಿಸಬಾರದು ಅನ್ನೋದನ್ನ ಆಚಾರಿಯ ಮುಂದೆ ನಿಲ್ಲುವ ಮೊದಲೇ ತೀರ್ಮಾನಿಸಿಕೊಳ್ಳಿ.

ನೀವು ಬರೆದಿರುವುದು ಇಷ್ಟು: ಮುಳಬಾಗಿಲ ಹತ್ತಿರದ ಊರು, ತಾತನ ಕಾಲದ ಮನೆ ಕೆಡವಿದಾಗ ಉಳಿದ ಒಂದು ತೇಗದ ತೊಲೆ, ನಾಲ್ಕು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ನಾಲ್ಕು ತಂತಿಯ ಬೇಸ್, ಕೈಯಲ್ಲಿ 70 ಸಾವಿರ ರೂಪಾಯಿ. ಗೆಳೆಯರು "ತೇಗ ಬೇಡ, ಹೊರದೇಶದ ಆಲ್ಡರ್ ತರಿಸು, ಆಕ್ಟಿವ್ (ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟು) ಹಾಕಿಸು, ಸೌಂಡು ತಾನಾಗೇ ಬರುತ್ತೆ" ಅಂದಿದ್ದಾರೆ. ನಾನು ಕೋಲಾರದವನು, ಹದಿನೆಂಟು ವರ್ಷದಿಂದ ಬೇಸ್ ನುಡಿಸುತ್ತಿದ್ದೇನೆ, ಎರಡು ಬೇಸ್ ಮಾಡಿಸಿದ್ದೇನೆ. ಮೊದಲನೆಯದರಲ್ಲಿ ತಪ್ಪಿದೆ, ಎರಡನೆಯದು ಇವತ್ತಿಗೂ ಪ್ರತಿ ಕಾರ್ಯಕ್ರಮಕ್ಕೂ ನನ್ನ ಜೊತೆ ಬರುತ್ತದೆ.

ಮೊದಲನೆಯದಕ್ಕೆ ಬೀಟೆಯ ಬಾಡಿಯೇ ಬೇಕು ಅಂತ ಹಟ ಹಿಡಿದಿದ್ದೆ. ನೋಡಲು ತುಂಬಾ ಚೆನ್ನಾಗಿತ್ತು. ತೂಗಿದರೆ ಐದೂವರೆ ಕಿಲೋ. ಗಣೇಶನ ಹಬ್ಬದ ಸೀಸನ್ನಿನಲ್ಲಿ ರಾತ್ರಿ ಒಂಬತ್ತಕ್ಕೆ ಹೆಗಲಿಗೇರಿಸಿದರೆ ಇಳಿಸುವುದು ಒಂದು ಗಂಟೆಗೆ. ಎರಡು ವರ್ಷಕ್ಕೆ ಎಡಭುಜ ಹಿಡಿದುಕೊಂಡಿತು. ಮರದ ವಿಷಯದಲ್ಲಿ ನಾನು ಮೊದಲು ತೂಕವನ್ನೇ ಕೇಳುವುದು ಅದಕ್ಕೇ.

ಮಾಮೂಲಿ ಬೇಸ್ ಬಾಡಿ 45 ಮಿಲಿಮೀಟರ್ ದಪ್ಪ ಇರುತ್ತದೆ. ಅದರಲ್ಲಿರುವ ಮರ ಹೆಚ್ಚುಕಡಿಮೆ ಐದು ಲೀಟರ್ ನೀರು ಹಿಡಿಸುವಷ್ಟು ಜಾಗದ್ದು. ಆಲ್ಡರ್ ಆದರೆ ಎರಡೂಕಾಲು ಕಿಲೋ, ತೇಗ ಆದರೆ ಮೂರೂಕಾಲು, ಬೀಟೆ ಆದರೆ ನಾಲ್ಕು ದಾಟುತ್ತದೆ. ಇದಕ್ಕೆ ನೆಕ್ (ಬೆರಳಾಡುವ ಉದ್ದನೆಯ ಕತ್ತು), ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ), ಬಿರಡೆಗಳು ಸೇರಬೇಕು. ಪುಸ್ತಕದ ಲೆಕ್ಕ ನಂಬಬೇಡಿ, ನಿಮ್ಮ ತೊಲೆಯನ್ನೇ ತೂಗಿ. ತುದಿಯಿಂದ 10 ಸೆಂಟಿಮೀಟರ್ ಉದ್ದ, 10 ಅಗಲ, 4 ದಪ್ಪದ ತುಂಡೊಂದನ್ನು ಕೊಯ್ಸಿ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ. 260 ಗ್ರಾಂ ಒಳಗೆ ಬಂದರೆ ಬಾಡಿಗೆ ಯೋಗ್ಯ. 300 ದಾಟಿದರೆ ಒಳಗೆ ಗೂಡು ಕೊರೆಸಿ ಮೇಲೆ ತೆಳು ಹಲಗೆ ಮುಚ್ಚಿಸುವುದು ಅನಿವಾರ್ಯ. ನನ್ನ ಎರಡನೆಯ ಬೇಸ್ ತೇಗದ್ದೇ. ಮೇಲ್ಭಾಗದಲ್ಲಿ ಎರಡು ಗೂಡು ತೆಗೆಸಿ, ದಪ್ಪ 40 ಮಿಲಿಮೀಟರ್‌ಗೆ ಇಳಿಸಿದೆ. ಒಟ್ಟು ತೂಕ 4.3 ಕಿಲೋಗೆ ಬಂತು.

ಹಳೆ ಮನೆಯ ತೇಗಕ್ಕೆ ಒಂದು ದೊಡ್ಡ ಗುಣವಿದೆ. ಐವತ್ತು ಅರವತ್ತು ವರ್ಷ ಹೆಂಚಿನ ಕೆಳಗೆ ಬಿಸಿಲು ಮಳೆ ಎಲ್ಲ ಕಂಡು ಕೂತ ಮರ ಇನ್ನು ಸೊಟ್ಟಗಾಗುವುದು ಕಡಿಮೆ. ಹೊಸ ಮರ ತಂದರೆ ಆ ನೆಮ್ಮದಿ ಇರುವುದಿಲ್ಲ. ಆದರೆ ತೊಲೆಯಲ್ಲಿ ಮೊಳೆ ಇರುತ್ತವೆ. ತಲೆ ಮುರಿದು ಒಳಗೇ ಉಳಿದ ಮೊಳೆ ಕಣ್ಣಿಗೆ ಕಾಣುವುದಿಲ್ಲ. ಒಳ್ಳೆಯ ಆಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ನಾಲ್ಕೂ ಮಗ್ಗುಲಿಗೆ ನಿಧಾನವಾಗಿ ಆಡಿಸಿ, ಎಳೆದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಸಾ ಮಿಲ್ಲಿನವರ ಬ್ಲೇಡ್ ಉಳಿಯುತ್ತದೆ, ನಿಮ್ಮ ಮರ್ಯಾದೆಯೂ ಉಳಿಯುತ್ತದೆ. ಚೇಗು ಮಾತ್ರ ತೆಗೆದುಕೊಳ್ಳಿ, ಅಂಚಿನ ಬಿಳಿಮರಕ್ಕೆ ಹುಳ ಬೀಳುತ್ತದೆ. ತೊಲೆಯ ಅಗಲ ಬಾಡಿಗೆ ಸಾಲುವುದಿಲ್ಲ, ಎರಡು ಮೂರು ಹಲಗೆ ಅಂಟಿಸಲೇಬೇಕು. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಗೋಂದು ಸರಿಯಾಗಿ ಹಿಡಿಯುವುದಿಲ್ಲ. ತೋಪಡ ಹೊಡೆದ ತಕ್ಷಣ ಅಸಿಟೋನ್ ಹಾಕಿ ಒರೆಸಿ, ಅದೇ ಗಂಟೆಯಲ್ಲಿ ಅಂಟಿಸಿ ಕ್ಲ್ಯಾಂಪ್ ಹಾಕಬೇಕು. ಬಾಗಿಲು ಕಿಟಕಿ ಮಾಡುವ ಆಚಾರಿಗಳು ಅಲ್ಲಿ ಕೂಡು ಕೊರೆದು ಗಟ್ಟಿ ಮಾಡುತ್ತಾರೆ, ಇಲ್ಲಿ ಅಂಟೇ ಎಲ್ಲವನ್ನೂ ಹಿಡಿಯಬೇಕು. ಇದನ್ನು ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ತೊಲೆ ಬಿರುಕು ಬಿಟ್ಟಿದ್ದರೆ ಹಲಸು ನೋಡಿ. ಮೃದಂಗಕ್ಕೂ ತಂಬೂರಿಗೂ ನಮ್ಮವರು ಆರಿಸಿಕೊಂಡ ಮರ ಅದು. ಹಳದಿ ಬಣ್ಣ ವರ್ಷಗಳು ಕಳೆದಂತೆ ಕಂದಾಗುವುದು ನೋಡಲಿಕ್ಕೇ ಒಂದು ಚೆಂದ. ಶ್ರೀನಿವಾಸಪುರದ ಕಡೆ ಮುದಿ ಮಾವಿನ ಮರ ಕಡಿದಾಗ ಅಗ್ಗಕ್ಕೆ ಸಿಗುತ್ತದೆ, ಆದರೆ ಮಾವು ಬೇಗ ಹುಳ ಹಿಡಿಯುವ ಮರ. ಕೊಯ್ದ ಕೂಡಲೇ ಔಷಧಿ ಹೊಡೆದು ಒಣಗಿಸಿದವರ ಹತ್ತಿರ ಮಾತ್ರ ಕೊಳ್ಳಿ. ಆಲ್ಡರ್ ವಿಷಯಕ್ಕೆ ಬಂದರೆ, ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಶನ್ ಬೇಸ್ ತಂದಾಗ ಬಾಡಿಗೆ ಹಾಕಿದ್ದು ಆ್ಯಶ್, ಆಮೇಲೆ ಆಲ್ಡರ್. ಎರಡೂ ಅವರ ದೇಶದಲ್ಲಿ ಸುಲಭವಾಗಿ ಸಿಗುವ ಮರಗಳು. ಅವರು ತಮ್ಮೂರಿನ ಮರದಲ್ಲಿ ಮಾಡಿದರು, ನಾವು ನಮ್ಮೂರಿನದರಲ್ಲಿ ಮಾಡೋಣ.

ಈಗ ನೆಕ್. ನಿಮ್ಮ ದುಡ್ಡು, ನಿಮ್ಮ ಗಮನ ಎರಡೂ ಹೋಗಬೇಕಾದದ್ದು ಇಲ್ಲಿಗೆ. ಪಿಕಪ್ ಅನ್ನುವುದು ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸಿ ಆಂಪ್ಲಿಫೈಯರ್‌ಗೆ ಕಳಿಸುವ ಆಯಸ್ಕಾಂತ ಮತ್ತು ತಂತಿಸುರುಳಿ. ಅದಕ್ಕೆ ಮರದ ದನಿ ಕೇಳಿಸುವುದಿಲ್ಲ, ಉಕ್ಕಿನ ತಂತಿ ಅಲುಗುವುದು ಮಾತ್ರ ಗೊತ್ತಾಗುತ್ತದೆ. ಮರ ಏನು ಮಾಡುತ್ತದೆ ಅಂದರೆ, ತಂತಿಯ ಶಕ್ತಿಯನ್ನು ಕದಿಯುತ್ತದೆ ಅಥವಾ ಕದಿಯದೆ ಬಿಡುತ್ತದೆ. ಅತಿ ಹೆಚ್ಚು ಕದಿಯುವುದು ತೆಳ್ಳಗೆ ಉದ್ದಕ್ಕೆ ಚಾಚಿಕೊಂಡಿರುವ ನೆಕ್. ನಿಮ್ಮ ಈಗಿನ ಬೇಸ್ ತೆಗೆದುಕೊಂಡು ಜಿ ತಂತಿಯ ಐದನೇ ಫ್ರೆಟ್ಟಿನಿಂದ (ನೆಕ್ಕಿನ ಮೇಲಿನ ಅಡ್ಡಪಟ್ಟಿ) ಏಳರವರೆಗೆ ಒಂದೊಂದೇ ಸ್ವರ ಮೀಟಿ, ತಾನಾಗಿ ಆರುವವರೆಗೆ ಕಾಯಿರಿ. ಯಾವುದೋ ಒಂದು ಸ್ವರ ಬೇಗ ಸತ್ತುಹೋಗುತ್ತದೆ. ಆ ಸ್ವರದ ಕಂಪನಕ್ಕೆ ನೆಕ್ ತಾನೂ ತೂಗಾಡಿ ಶಕ್ತಿ ಹೀರಿಕೊಳ್ಳುತ್ತಿದೆ ಅಂತ ಅರ್ಥ. ತುದಿಯ ತಲೆಭಾಗಕ್ಕೆ ಒಂದು ಕ್ಲ್ಯಾಂಪ್ ಬಿಗಿದು ಮತ್ತೆ ಮೀಟಿ, ಸತ್ತ ಸ್ವರ ಜಾಗ ಬದಲಿಸಿರುತ್ತದೆ. ಇದನ್ನು ಒಮ್ಮೆ ಕಿವಿಯಾರೆ ಕೇಳಿದರೆ ನೆಕ್ ಬಿಗುವು ಯಾಕೆ ಮುಖ್ಯ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನಾಲ್ಕು ತಂತಿಯೇ ಒಟ್ಟು 75 ಕಿಲೋ ಹತ್ತಿರ ಎಳೆಯುತ್ತವೆ. ಐದನೆಯದು ಸೇರಿದರೆ ತೊಂಬತ್ತರ ಆಸುಪಾಸು. ಅದಕ್ಕೇ ನೆಕ್ಕನ್ನು ಒಂದೇ ಹಲಗೆಯಲ್ಲಿ ಮಾಡಿಸಬೇಡಿ. ಮೂರು ಅಥವಾ ಐದು ಪಟ್ಟಿ, ಪಕ್ಕಪಕ್ಕದ ಪಟ್ಟಿಗಳ ಎಳೆ ಎದುರುಬದುರಾಗಿ ಬರುವ ಹಾಗೆ ಅಂಟಿಸಿ, ನಡುವೆ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಪಡಿಸುವ ಲೋಹದ ಕಡ್ಡಿ), ಅದರ ಎರಡೂ ಕಡೆ ಕಾರ್ಬನ್ ಫೈಬರ್ ಕಡ್ಡಿ. ತೇಗ ಬಿಗುವಿನಲ್ಲಿ ಮೇಪಲ್‌ಗಿಂತ ತೀರಾ ಹಿಂದಿಲ್ಲ, ಹಾಗಾಗಿ ತೊಲೆಯ ಅತ್ಯಂತ ನೇರ ಎಳೆಯ ಭಾಗವನ್ನು ಬಾಡಿಗಲ್ಲ, ನೆಕ್ ಪಟ್ಟಿಗೆ ಮೀಸಲಿಡಿ. ಗಂಟು ಒಂದೂ ಇರಬಾರದು. ಈ ಕೆಲಸ ಊರಿನ ಆಚಾರಿಯ ಕೈಯಲ್ಲಿ ಮಾಡಿಸುವಂಥದ್ದಲ್ಲ, ಬೆಂಗಳೂರಿನಲ್ಲಿ ಗಿಟಾರ್ ಕಟ್ಟುವವರಿಗೇ ಕೊಡಿ. ನಿಮ್ಮ 70 ಸಾವಿರದಲ್ಲಿ ಅರ್ಧ ನೆಕ್ ಮತ್ತು ಫ್ರೆಟ್ ಕೆಲಸಕ್ಕೇ ಹೋದರೂ ನಾನು ಸರಿ ಅನ್ನುತ್ತೇನೆ.

ಬೆರಳಾಡುವ ಫಿಂಗರ್‌ಬೋರ್ಡಿಗೆ ಬೀಟೆ ಹಾಕಿಸಿ. ಬ್ರೆಜಿಲ್ಲಿನ ರೋಸ್‌ವುಡ್ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ತಡೆ ಬಿದ್ದ ಮೇಲೆ ಲೋಕದ ಗಿಟಾರುಗಳಿಗೆ ಆಸರೆಯಾದದ್ದು ನಮ್ಮ ಪಶ್ಚಿಮಘಟ್ಟದ ಬೀಟೆ. ಆರೇಳು ಮಿಲಿಮೀಟರ್ ದಪ್ಪದ ಪಟ್ಟಿ ಸಾಕು, ಬಿಲ್ ಕೊಡುವವರ ಹತ್ತಿರವೇ ಕೊಳ್ಳಿ. ತಂತಿ ಕಂಪಿಸುವ ಉದ್ದ (ಸ್ಕೇಲ್) 34 ಇಂಚು ಸಾಕು. ಕೆಳಗಿನ ಬಿ ತಂತಿ ಸಡಿಲ ಅನ್ನಿಸುತ್ತದೆ ಅಂತ 35 ಇಂಚು ಮಾಡಿಸುವವರಿದ್ದಾರೆ, ಆದರೆ ನೆಕ್ ಬಿಗಿಯಾಗಿದ್ದರೆ 34ರಲ್ಲೂ ಬಿ ಸ್ಪಷ್ಟವಾಗಿ ಬರುತ್ತದೆ, ಬೆರಳಿಗೂ ಸಲೀಸು.

ಐದನೇ ತಂತಿ ಬೇಕೇ ಅಂದರೆ, ಆರ್ಕೆಸ್ಟ್ರಾದವರಿಗೆ ಬೇಕು. ವೇದಿಕೆಯ ಮೇಲೆ ಗಾಯಕಿ "ಅಣ್ಣ, ಇವತ್ತು ಗಂಟಲು ಸರಿಯಿಲ್ಲ, ಶ್ರುತಿ ಇಳಿಸಿ" ಅಂದರೆ ಹಾಡು ಇ ಇಂದ ಡಿ ಗೆ ಇಳಿಯುತ್ತದೆ. ನಾಲ್ಕು ತಂತಿಯಲ್ಲಿ ಆ ಕೆಳಗಿನ ಡಿ ಇಲ್ಲವೇ ಇಲ್ಲ, ಮೇಲಿನ ಡಿ ನುಡಿಸಿದರೆ ಹಾಡಿನ ಬುಡವೇ ಕಿತ್ತ ಹಾಗಾಗುತ್ತದೆ.

ಇನ್ನು ಕರೆಂಟಿನ ಕಥೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ವಿದ್ಯುತ್ ಬಂದ ಸೀಮೆ ನಮ್ಮದು. ಆದರೆ ನಾವು ನುಡಿಸುವ ಎಷ್ಟೋ ಛತ್ರಗಳಲ್ಲಿ, ಪೆಂಡಾಲುಗಳಲ್ಲಿ ಅರ್ಥಿಂಗ್ ಇರುವುದಿಲ್ಲ. ಬಂಗಾರಪೇಟೆ ಕಡೆಯ ಒಂದು ಛತ್ರದಲ್ಲಿ ಕೋರಸ್ ಹಾಡಲು ಮೈಕಿಗೆ ತುಟಿ ತಾಗಿಸಿದೆ, ಕೈ ತಂತಿಯ ಮೇಲಿತ್ತು. ಹೊಡೆದ ಶಾಕಿಗೆ ಹಿಂದಕ್ಕೆ ಬಿದ್ದೆ. ಬೇಸಿನ ತಂತಿಗಳು ಬ್ರಿಡ್ಜ್ ಮೂಲಕ ಆಂಪ್ಲಿಫೈಯರ್‌ನ ಗ್ರೌಂಡಿಗೆ ಸೇರಿರುತ್ತವೆ. ಆಂಪ್ ಒಂದು ಲೈನಿನಲ್ಲಿ, ಮಿಕ್ಸರ್ ಇನ್ನೊಂದರಲ್ಲಿ, ಎರಡಕ್ಕೂ ಅರ್ಥ್ ಇಲ್ಲದಿದ್ದರೆ ನಡುವಿನ ದಾರಿ ನಮ್ಮ ಮೈ. ಅವತ್ತಿನಿಂದ ಪ್ಲಗ್ ಹಾಕಿದ ಮೇಲೆ ಮಲ್ಟಿಮೀಟರನ್ನು ಎಸಿ ವೋಲ್ಟೇಜಿಗಿಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿದು ನೋಡದೆ ನಾನು ನುಡಿಸುವುದಿಲ್ಲ. ಸ್ಪೀಕರಿನ ಝುಂಕಾರ (ಹಮ್) ಕಡಿಮೆಯಾಗಲಿ ಅಂತ ಯಾರಾದರೂ ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ಥ್ ಪಿನ್ ಮುರಿಯಲು ಬಂದರೆ ಬಿಡಬೇಡಿ, ದಯವಿಟ್ಟು.

ಆ ಝುಂಕಾರದಿಂದಲೇ ಪಿಕಪ್ ಆಯ್ಕೆ ಶುರುವಾಗಬೇಕು. ನಮ್ಮ ಕರೆಂಟು 50 ಹರ್ಟ್ಸ್. ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಸ್. ಅಂದರೆ ಜಿ ಶ್ರುತಿಯ ಹಾಡಿನಲ್ಲಿ ನಿಮ್ಮ ಸ್ವರದ ಮಗ್ಗುಲಲ್ಲೇ ಇನ್ನೊಂದು ಅಪಶ್ರುತಿ ಕೂತು ಸೆಕೆಂಡಿಗೊಮ್ಮೆ ಅಲೆ ಎಬ್ಬಿಸುತ್ತದೆ. ಸೀರಿಯಲ್ ಸೆಟ್, ಜನರೇಟರ್, ಬಣ್ಣದ ಲೈಟುಗಳ ಡಿಮ್ಮರ್ ಎಲ್ಲ ಸೇರಿದರೆ ಇನ್ನೂ ಕಷ್ಟ. ಆದ್ದರಿಂದ ಒಂಟಿ ಸುರುಳಿಯ ಪಿಕಪ್ ನಮ್ಮ ವೇದಿಕೆಗೆ ಬೇಡ. ಫೆಂಡರ್‌ನದೇ ಇನ್ನೊಂದು ಮಾದರಿಯಾದ ಜಾಝ್ ಬೇಸಿನಲ್ಲಿ ಒಂಟಿ ಸುರುಳಿಯ ಎರಡೂ ಪಿಕಪ್ ಪೂರ್ತಿ ತೆರೆದಾಗ ಎರಡರ ಝುಂಕಾರ ಒಂದನ್ನೊಂದು ಹೊಡೆದುಹಾಕುತ್ತದೆ, ಒಂದನ್ನು ಇಳಿಸಿದಿರೋ ವಾಪಸ್ ಬರುತ್ತದೆ. 1957ರಿಂದ ಪ್ರಿಸಿಶನ್ ಬೇಸಿನಲ್ಲಿರುವ ಎರಡು ತುಂಡಿನ ಪಿಕಪ್‌ಗೆ ಆ ರಗಳೆ ಇಲ್ಲ, ಒಂದು ತುಂಡು ಹಿಡಿದ ಝುಂಕಾರವನ್ನು ಇನ್ನೊಂದು ಅಳಿಸುತ್ತದೆ. ನಿಮಗೆ ನನ್ನ ಸಲಹೆ: ನಡುವೆ ಐದು ತಂತಿಗಾದ ಆ ಎರಡು ತುಂಡಿನದು, ಬ್ರಿಡ್ಜ್ ಹತ್ತಿರ ಒಂದು ಹಮ್‌ಬಕರ್ (ಝುಂಕಾರ ಅಳಿಸುವ ಜೋಡಿ ಸುರುಳಿಯ ಪಿಕಪ್). ಸಿನಿಮಾ ಹಾಡಿಗೂ ಭಾವಗೀತೆಗೂ ಶೇಕಡಾ ತೊಂಬತ್ತು ಪಾಲು ನಡುವಿನದೇ ಸಾಕು.

ಆಕ್ಟಿವ್ ಅಂದರೆ ಪಿಕಪ್ಪಿನ ಸಿಗ್ನಲ್ಲನ್ನು ಬಲಪಡಿಸುವ, ಬ್ಯಾಟರಿಯಿಂದ ನಡೆಯುವ ಪ್ರಿಆಂಪ್, ಅಷ್ಟೇ. ಪಿಕಪ್ ಪ್ಯಾಸಿವ್ ಇದ್ದೂ ಪ್ರಿಆಂಪ್ ಹಾಕಿಸಬಹುದು, ನಾನು ಹಾಗೇ ಮಾಡಿಸಿದ್ದು. ಲಾಭ ನಿಜವಾಗಿ ಇದೆ. ವೇದಿಕೆಯಿಂದ ಮಿಕ್ಸರಿನವರೆಗೆ ಉದ್ದ ಕೇಬಲ್ ಎಳೆದರೂ ಮೇಲಿನ ಸ್ವರಗಳ ಹೊಳಪು ಸಾಯುವುದಿಲ್ಲ. ಆದರೆ ಎರಡೇ ತಿರುಗಣೆಯದು ಬೇಡ, ಮಿಡ್ (ನಡುಸ್ಥಾಯಿ) ಇರುವ ಮೂರರದ್ದು ತೆಗೆದುಕೊಳ್ಳಿ. ಬಾಡಿಗೆಯ ಸ್ಪೀಕರುಗಳಿಗೆ 31 ಹರ್ಟ್ಸಿನ ಬಿ ತಂತಿಯ ಮೂಲಸ್ವರ ಎಬ್ಬಿಸುವ ಶಕ್ತಿ ಇರುವುದಿಲ್ಲ. ಅಲ್ಲಿ ಬೇಸ್ ತಿರುಗಣೆ ಏರಿಸಿದರೆ ಬರೀ ಗುಡುಗುಡು. ಮಿಡ್ ಸ್ವಲ್ಪ ಏರಿಸಿದರೆ ಸ್ವರ ಯಾವುದು ಅಂತ ಕೊನೇ ಸಾಲಿನವರಿಗೂ ಕೇಳುತ್ತದೆ. ಪ್ರಿಆಂಪ್ ದಾಟಿಸಿ ನೇರ ಹೋಗುವ ಒಂದು ಸ್ವಿಚ್ಚನ್ನು ಕೇಳಿ ಹಾಕಿಸಿಕೊಳ್ಳಿ. 9 ವೋಲ್ಟ್ ಬ್ಯಾಟರಿ ಹಾಡಿನ ನಡುವೆ ಸತ್ತರೆ ಕೈ ಬಿಡದೆ ಕಾಯುವುದು ಅದೊಂದೇ. ಕೇಬಲ್ ಚುಚ್ಚಿದ ಕ್ಷಣ ಬ್ಯಾಟರಿ ಖರ್ಚು ಶುರು, ಹಾಗಾಗಿ ಇಳಿಸಿಟ್ಟಾಗ ಕೇಬಲ್ ಕೀಳುವ ಅಭ್ಯಾಸ ಮಾಡಿಕೊಳ್ಳಿ.

ನೇರ ದಾರಿಯ ವಾಲ್ಯೂಮಿಗೂ ಟೋನಿಗೂ 250ಕೆ ಪಾಟ್ (ತಿರುಗಿಸುವ ರೆಸಿಸ್ಟರ್), ಟೋನಿಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದೇ ಓಡಾಟದಲ್ಲಿ ಸಿಗುತ್ತದೆ. ಹೊರಗಿನ ವಿದ್ಯುತ್ ಗದ್ದಲ ಒಳಗೆ ಬರದಂತೆ ತಡೆಯಲು ಅಲ್ಲೇ ತಾಮ್ರದ ಟೇಪನ್ನೂ ತನ್ನಿ. ಪಿಕಪ್ ಕೂರುವ ಹಳ್ಳ, ಪಾಟ್ ಕೂರುವ ಹಳ್ಳ, ಮುಚ್ಚಳದ ಒಳಮೈ ಎಲ್ಲಕ್ಕೂ ಬಿಡುವಿಲ್ಲದೆ ಅಂಟಿಸಿ, ಕೂಡಿದ ಕಡೆ ಒಂದೊಂದು ಹನಿ ಸೋಲ್ಡರ್ ಹಾಕಿ ಗ್ರೌಂಡಿಗೆ ಸೇರಿಸಿ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮಲ್ಟಿಮೀಟರ್ ಬೀಪ್ ಅನ್ನಬೇಕು. ಈ ಕೆಲಸವನ್ನು ನೀವೇ ಕೂತು ಮಾಡಿ, ಕೂಲಿಗೆ ಮಾಡುವವರು ಇಷ್ಟು ತಾಳ್ಮೆಯಿಂದ ಮಾಡುವುದು ಅಪರೂಪ.

ಪಾಲಿಶಿಗೆ ಎಣ್ಣೆ ಸಾಕು, ದಪ್ಪ ಲ್ಯಾಕರ್ ಬೇಡ. ಹಳೇ ಮೊಳೆಯ ತೂತು ಒಂದೆರಡು ಬಾಡಿಯಲ್ಲಿ ಬಂದರೆ ಪುಟ್ಟಿ ಮೆತ್ತಿಸಬೇಡಿ, ಅದೇ ತೇಗದ ಬೆಣೆ ಹೊಡೆಸಿ, ಕಾಣಲಿ. ಉಳಿದ ಚೂರುಗಳನ್ನು ಸಾ ಮಿಲ್ಲಿನಲ್ಲಿ ಬಿಟ್ಟು ಬರಬೇಡಿ. ಹೆಬ್ಬೆರಳು ಊರುವ ಪಟ್ಟಿ, ಹಿಂದಿನ ಹಳ್ಳದ ಮುಚ್ಚಳ, ನಾಬುಗಳು ಎಲ್ಲವೂ ಅದರಲ್ಲೇ ಆಗುತ್ತವೆ.