ಏಜ್ ಆಫ್ ಎಂಪೈರ್ಸ್ 2 ಕಂಪ್ಯೂಟರ್ ಆಟ ಈಗಷ್ಟೇ ಶುರು ಮಾಡಿದ್ದೇನೆ, ಮೊದಲು ಯಾವ ಸಿವ್ (ಆಟದಲ್ಲಿ ನಾವು ಆರಿಸಿಕೊಳ್ಳುವ ನಾಗರಿಕತೆ) ಕಲಿಯಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ. ಊರು ಸಾಗರ. ಆಟದ ಹೊಸ ಆವೃತ್ತಿ ಡೆಫಿನಿಟಿವ್ ಎಡಿಶನ್ ತಗೊಂಡಿದ್ದೀರಿ, ಸಂಜೆ ಒಂದು ಗಂಟೆ ಬಿಡುವು ಸಿಗುತ್ತದೆ, ರ‍್ಯಾಂಕ್ಡ್ (ಆನ್‌ಲೈನ್‌ನಲ್ಲಿ ರೇಟಿಂಗ್‌ಗಾಗಿ) ಆಡುವ ಆಸೆ ಇದೆ. ಗೆಳೆಯ ಬ್ರಿಟನ್ಸ್ ಆಡುತ್ತಾನೆ. ನಿಮಗೆ 'ನಮ್ಮ ಕಡೆಯವರು' ಅಂತ ದ್ರಾವಿಡಿಯನ್ಸ್ ಮೇಲೆ ಮನಸ್ಸು. ಇನ್ಯಾರೋ ಚೈನೀಸ್ ತಗೋ, ಅದೇ ಬಲಿಷ್ಠ ಅಂದಿದ್ದಾರೆ.

ಫ್ರಾಂಕ್ಸ್ ತಗೊಳ್ಳಿ. ಕನಿಷ್ಠ 30 ಆಟ ಅದನ್ನು ಬಿಡಬೇಡಿ.

ಫ್ರಾಂಕ್ಸ್ ಎಲ್ಲರಿಗಿಂತ ಬಲಿಷ್ಠ ಅಂತ ಈ ಮಾತು ಹೇಳುತ್ತಿಲ್ಲ. ಶುರುವಿನಲ್ಲಿ ಯಾರ ಬಲ ಎಷ್ಟು ಅನ್ನೋದು ಲೆಕ್ಕಕ್ಕೇ ಬರೋದಿಲ್ಲ. 1000ದ ಆಸುಪಾಸಿನ ರೇಟಿಂಗ್‌ನಲ್ಲಿ ಆಟ ಸೋಲೋದು ವಿಲ್ಲೇಜರ್‌ಗಳನ್ನು (ಕೆಲಸಗಾರರನ್ನು) ಹುಟ್ಟಿಸುವ ಟೌನ್ ಸೆಂಟರ್ ಖಾಲಿ ಕೂತಿದ್ದರಿಂದ, ಮನೆ ಕಟ್ಟೋದು ಮರೆತದ್ದರಿಂದ. ನೋಡಬೇಕಾದ್ದು ಒಂದೇ: ಆ ಸಿವ್‌ನ ಬೋನಸ್ ತಾನಾಗಿ ಬರುತ್ತದೆಯೋ, ಇಲ್ಲಾ ಅದಕ್ಕಾಗಿ ಆಟದ ಶುರುವನ್ನೇ ಬೇರೆ ಥರ ಆಡಬೇಕೋ?

ಫ್ರಾಂಕ್ಸ್‌ದು ಎಲ್ಲವೂ ತಾನಾಗಿ ಬರುವಂಥದ್ದು. ಮಿಲ್ (ಆಹಾರ ಕೂಡಿಡುವ ಕಟ್ಟಡ) ಇದ್ದರೆ ಫಾರ್ಮ್ ಅಪ್‌ಗ್ರೇಡ್‌ಗಳು ಪುಕ್ಕಟೆ, ಯಾವ ಬಟನ್ನೂ ಒತ್ತಬೇಕಿಲ್ಲ. ಅವುಗಳಲ್ಲಿ ಮೊದಲನೆಯದಾದ ಹಾರ್ಸ್ ಕಾಲರ್ ಒಂದಕ್ಕೇ ಬೇರೆಯವರು 75 ಫುಡ್, 75 ವುಡ್ ಸುರಿಯಬೇಕು, ಮೇಲಾಗಿ ಅದು ನೆನಪಿರಬೇಕು. ಆಟದ ಎರಡನೇ ಯುಗವಾದ ಫ್ಯೂಡಲ್ ಏಜ್‌ನಿಂದ ಕುದುರೆ ಪಡೆಗೆ 20% ಹೆಚ್ಚು ಎಚ್‌ಪಿ (ಜೀವಬಲ). 45ರ ಸ್ಕೌಟ್ (ಹಗುರ ಕುದುರೆ ಸವಾರ) 54 ಆಗುತ್ತದೆ, 100ರ ನೈಟ್ (ಭಾರಿ ಕುದುರೆ ಸವಾರ) 120. ಉಳಿದವರು ನೈಟ್‌ಗೆ ಅದೇ 120 ಬೇಕಾದರೆ 150 ಫುಡ್, 100 ಗೋಲ್ಡ್ ಕೊಟ್ಟು ಬ್ಲಡ್‌ಲೈನ್ಸ್ ಸಂಶೋಧನೆ ಮಾಡಬೇಕು. ಫ್ರಾಂಕ್ಸ್‌ಗೆ ಬ್ಲಡ್‌ಲೈನ್ಸ್ ಇಲ್ಲವೇ ಇಲ್ಲ, ಬೇಕಾಗಿಯೂ ಇಲ್ಲ. ಬೆರ್ರಿ ಸ್ವಲ್ಪ ಬೇಗ ಕೀಳುತ್ತಾರೆ, ಕ್ಯಾಸಲ್ ಅಗ್ಗ.

ಈಗ ಚೈನೀಸ್ ನೋಡಿ. 3 ವಿಲ್ಲೇಜರ್ ಹೆಚ್ಚು ಸಿಗುತ್ತಾರೆ ಅಂದಾಗ ಬಾಯಲ್ಲಿ ನೀರೂರುತ್ತದೆ. ಆದರೆ ಶುರುವಿನ 200 ಫುಡ್ ಪೂರ್ತಿ ಕಡಿತ. ಮೊದಲ ಕ್ಷಣದಿಂದಲೇ ಕುರಿ ಹುಡುಕಿ ತಂದು, 50 ಫುಡ್ ಕೂಡಿಸಿ, ಆಮೇಲೆ ಹೊಸ ವಿಲ್ಲೇಜರ್. ಕುರಿ ಸಿಗೋದು ಅರ್ಧ ನಿಮಿಷ ತಡವಾದರೆ ಬೋನಸ್ ಹೋಗಿ ಸಾಲ ಆಗುತ್ತದೆ. ಹನ್ಸ್‌ಗೆ ತದ್ವಿರುದ್ಧ ತೊಂದರೆ: ಮನೆಯೇ ಬೇಡ. ಆಡೋಕೆ ಹಾಯಾಗಿರುತ್ತದೆ, ಆದರೆ ಬೇರೆ ಸಿವ್‌ಗೆ ಹೋದ ದಿನ ಮನೆ ಕಟ್ಟುವ ಅಭ್ಯಾಸವೇ ಇರೋದಿಲ್ಲ. ಮಾಯನ್ಸ್‌ಗೆ ಸ್ಟೇಬಲ್ (ಕುದುರೆ ಲಾಯ) ಇಲ್ಲ, ಹಾಗಾಗಿ ಆಟದ ಅರ್ಧ ಭಾಗವೇ ಕಣ್ಣಿಗೆ ಬೀಳೋದಿಲ್ಲ. ಇವು ಕೆಟ್ಟ ಸಿವ್‌ಗಳು ಅಂತಲ್ಲ, ಮೊದಲ ಪಾಠಕ್ಕೆ ಆಗಿಬರೋದಿಲ್ಲ.

ಕುದುರೆಯಿಂದ ಶುರು ಮಾಡಿ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಬಿಲ್ಲುಗಾರರ ಗುಂಪನ್ನು ಒಂದು ಕ್ಷಣ ಮರೆತು ಫಾರ್ಮ್ ಹಾಕೋಕೆ ಹೋದರೆ, ಅಷ್ಟರಲ್ಲಿ ಒಂದು ಮಂಗೊನೆಲ್ ಕಲ್ಲು ಬಿದ್ದು ಇಡೀ ಗುಂಪು ಮಣ್ಣುಪಾಲು. ನೈಟ್ ಹಾಗಲ್ಲ. ನೋಡದೇ ಬಿಟ್ಟರೂ ಸ್ವಲ್ಪ ಹೊತ್ತು ತಡೆಯುತ್ತದೆ, ಸೋಲುತ್ತಿದೆ ಅನಿಸಿದರೆ ಓಡಿಸಿಕೊಂಡು ಬರಬಹುದು. ಹೊಸಬರ ಕಣ್ಣು ಅರ್ಧ ಹೊತ್ತು ಮನೆ ಕಡೆಗೇ ಇರಬೇಕು, ಅದಕ್ಕೆ ಅವಕಾಶ ಕೊಡುವ ಪಡೆ ಇದು.

ಇನ್ನು ಮೊದಲ ಹತ್ತು ನಿಮಿಷ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ 30 ಆಟದಲ್ಲಿ ನೀವು ನಿಜವಾಗಿ ಕಲಿಯೋದು ಇದನ್ನೇ.

ಶುರುವಿಗೆ 3 ವಿಲ್ಲೇಜರ್, 1 ಸ್ಕೌಟ್. 200 ಫುಡ್, 200 ವುಡ್, 100 ಗೋಲ್ಡ್, 200 ಸ್ಟೋನ್. ಜನಸಂಖ್ಯೆ 4, ಜಾಗ 5. ಟೌನ್ ಸೆಂಟರ್ ಮೇಲೆ ಒತ್ತಿ ನಾಲ್ಕು ವಿಲ್ಲೇಜರ್ ಸಾಲು ಹಚ್ಚಿ, 200 ಫುಡ್ ಅಲ್ಲಿಗೆ ಖಾಲಿ. ಒಬ್ಬ ವಿಲ್ಲೇಜರ್‌ಗೆ 25 ಸೆಕೆಂಡ್, ಅಂದರೆ ನಾಲ್ವರಿಗೆ 100 ಸೆಕೆಂಡ್. ಅಷ್ಟರೊಳಗೆ ಕುರಿ ಕಡೆಯಿಂದ ಕನಿಷ್ಠ 50 ಫುಡ್ ಬಂದು ಬಿದ್ದಿರಬೇಕು. ಇತ್ತ ಇಬ್ಬರು ಸೇರಿ ಒಂದು ಮನೆ, ಮೂರನೆಯವನು ಇನ್ನೊಂದು ಮನೆ. ಮನೆಗೆ 25 ವುಡ್, ಎರಡಕ್ಕೆ 50. ಉಳಿದ 150ರಲ್ಲಿ 100 ಲಂಬರ್ ಕ್ಯಾಂಪ್‌ಗೆ (ಕಡಿದ ಮರ ಕೂಡಿಡುವ ಕಟ್ಟಡ). ಈ ಲೆಕ್ಕ ತಪ್ಪಿಸಿ ಮೊದಲೇ ಮಿಲ್ ಕಟ್ಟಿದರೆ ಲಂಬರ್ ಕ್ಯಾಂಪ್‌ಗೆ ಮರ ಸಾಲದೆ ಪರದಾಟ.

ಮೊದಲ 6 ಜನ ಕುರಿಗೆ. ಕುರಿ ಟೌನ್ ಸೆಂಟರ್‌ಗೆ ಒತ್ತಿಕೊಂಡೇ ಇರಲಿ, ಒಂದು ಸಲಕ್ಕೆ ಒಂದೇ ಕುರಿ ಕೊಯ್ಯಲಿ. ಕೊಯ್ದು ಬಿಟ್ಟದ್ದು ಕೊಳೆಯುತ್ತ ಹೋಗುತ್ತದೆ, 100 ಫುಡ್‌ನಲ್ಲಿ ಅಷ್ಟು ನಷ್ಟ. ಮುಂದಿನ 4 ಜನ ಮರಕ್ಕೆ. ಹನ್ನೊಂದನೆಯವನು ಹಂದಿಗೆ.

ಹಂದಿ ಅಂದರೆ ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಿಲ್ಲ, ಆದರೆ ಇಲ್ಲಿ ಓಡಿಸೋದಲ್ಲ, ಕರೆತರೋದು. ವಿಲ್ಲೇಜರ್‌ಗೆ 25 ಎಚ್‌ಪಿ, ಹಂದಿಯ ಒಂದು ಹೊಡೆತಕ್ಕೆ 7 ಹೋಗುತ್ತದೆ, ನಾಲ್ಕು ತಿಂದರೆ ಸತ್ತ. ಎರಡು ಬಾಣ ಬಿಡಿ, ತಕ್ಷಣ ಟೌನ್ ಸೆಂಟರ್ ಕಡೆ ತಿರುಗಿಸಿ ಓಡಿಸಿ. ಹಂದಿ ಹಿಂದೆ ಬರುತ್ತದೆ. ಟೌನ್ ಸೆಂಟರ್ ಪಕ್ಕ ಬಂದ ಮೇಲಷ್ಟೇ ಕುರಿಯ ಹತ್ತಿರ ಇದ್ದವರನ್ನೆಲ್ಲ ಅದರ ಮೇಲೆ ಬಿಡಿ. ಆರೂ ಜನರನ್ನು ಹಂದಿ ಇರುವಲ್ಲಿಗೇ ಕಳಿಸೋದು ಹೊಸಬರ ಮಾಮೂಲಿ ತಪ್ಪು. ಹಂದಿ ಸಾಯುತ್ತದೆ ನಿಜ, ಆದರೆ 340 ಫುಡ್ಡನ್ನು ಅಷ್ಟು ದೂರದಿಂದ ಹೊತ್ತು ತರೋದರಲ್ಲೇ ಹೊತ್ತು ಕಳೆಯುತ್ತದೆ. ಮೊದಲ ಹಂದಿ ಮುಗಿಯುತ್ತ ಬಂದಾಗ, ಸುಮಾರು 100 ಉಳಿದಿದೆ ಅನ್ನುವಾಗ, ಎರಡನೆಯದಕ್ಕೆ ಹೊರಡಿ. ಪೆಟ್ಟು ತಿಂದವನನ್ನೇ ಮತ್ತೆ ಕಳಿಸಬೇಡಿ.

12ರಿಂದ 15ನೆಯವರು: ದಾರಿಯಲ್ಲಿ ಒಂದು ಮನೆ, ಬೆರ್ರಿ ಪಕ್ಕ ಮಿಲ್, ನಾಲ್ವರೂ ಬೆರ್ರಿಗೆ. 16, 17 ಕುರಿ-ಹಂದಿಗೆ. 18, 19, 20 ಮರಕ್ಕೆ. ನಡುವೆ ಇನ್ನೊಂದು ಮನೆ ಬೇಕಾಗುತ್ತದೆ, ಜಾಗ ಎರಡು ಉಳಿದಾಗಲೇ ಹಾಕಿ. 20 ಜನ ಆದ ಮೇಲೆ 50 ಗೋಲ್ಡ್ ಕೊಟ್ಟು ವಿಲ್ಲೇಜರ್‌ಗಳನ್ನು ಗಟ್ಟಿ ಮಾಡುವ ಲೂಮ್ ಸಂಶೋಧನೆ ಮಾಡಿ, 500 ಫುಡ್ ಆದ ಕೂಡಲೇ ಫ್ಯೂಡಲ್ ಒತ್ತಿ. ಬೇಕಾದ ಎರಡು ಕಟ್ಟಡ, ಮಿಲ್ ಮತ್ತು ಲಂಬರ್ ಕ್ಯಾಂಪ್, ಆಗಲೇ ಇವೆ.

ಸಮಯ ನೀವೇ ತಾಳೆ ಹಾಕಬಹುದು. 17 ವಿಲ್ಲೇಜರ್ × 25 ಸೆಕೆಂಡ್ = 425, ಲೂಮ್‌ಗೆ 25, ಒಟ್ಟು 450. ಅಂದರೆ ಆಟದ ಗಡಿಯಾರದಲ್ಲಿ 7:30ಕ್ಕೆ ಒತ್ತಬೇಕು, 130 ಸೆಕೆಂಡ್ ಕಳೆದು 9:40ಕ್ಕೆ ಫ್ಯೂಡಲ್. ಇದು ಒಂದು ಸೆಕೆಂಡೂ ಖಾಲಿ ಬಿಡದೆ ಆಡಿದ ಲೆಕ್ಕ. ಮೊದಮೊದಲು 10:30 ಬಂದರೆ ಚೆನ್ನಾಗಿಯೇ ಇದೆ. 12 ದಾಟಿದರೆ ಸಿವ್ ಬದಲಿಸೋಕೆ ಹೋಗಬೇಡಿ, ಟೌನ್ ಸೆಂಟರ್ ಎಲ್ಲಿ ಸುಮ್ಮನೆ ಕೂತಿತ್ತು ಅಂತ ರೆಕಾರ್ಡಿಂಗ್ ತೆಗೆದು ನೋಡಿ. ಆಟ ತಾನೇ ಉಳಿಸಿಟ್ಟಿರುತ್ತದೆ. ನಿಮ್ಮ ಒಂದು ಗಂಟೆಯಲ್ಲಿ 40 ನಿಮಿಷ ಆಟ, 10 ನಿಮಿಷ ಇದು. ಸತತ ಎರಡು ಆಟ ಆಡೋದಕ್ಕಿಂತ ಇದರಿಂದ ಬೇಗ ಸುಧಾರಿಸುತ್ತೀರಿ.

ಫ್ಯೂಡಲ್ ಒತ್ತಿದ ಮೇಲಿನ 130 ಸೆಕೆಂಡ್‌ನಲ್ಲಿ ಟೌನ್ ಸೆಂಟರ್‌ನಿಂದ ವಿಲ್ಲೇಜರ್ ಬರೋದಿಲ್ಲ, ಅದಕ್ಕೇ ಎಲ್ಲರೂ ಅಲ್ಲಿ ಉಸಿರು ಬಿಡುತ್ತಾರೆ. ಆಟ ಎಡವೋದೂ ಅಲ್ಲೇ. ಸ್ಟೇಬಲ್ ಕಟ್ಟಬೇಕಾದರೆ ಮೊದಲು ಬ್ಯಾರಕ್ಸ್ (ಕಾಲಾಳುಗಳ ಕಟ್ಟಡ) ಇರಬೇಕು. ಎರಡಕ್ಕೂ ತಲಾ 175 ವುಡ್, ಒಟ್ಟು 350. ಒತ್ತಿದ ತಕ್ಷಣ ಹಂದಿ ಮುಗಿಸಿದವರಲ್ಲಿ ಮೂವರನ್ನು ಮರಕ್ಕೆ ಎಳೆಯಿರಿ, ಮರದಲ್ಲಿ 10 ಜನ ಆಗುತ್ತಾರೆ. 175 ಆದೊಡನೆ ಬ್ಯಾರಕ್ಸ್. ಫ್ಯೂಡಲ್ ಬಂದ ಕ್ಷಣಕ್ಕೆ ಸ್ಟೇಬಲ್ ಬುನಾದಿ ಬಿದ್ದಿರಬೇಕು. ಬ್ಯಾರಕ್ಸ್ ತಡವಾದರೆ ಸ್ಕೌಟ್ ಹೋಗಿ ಮುಟ್ಟುವಷ್ಟರಲ್ಲಿ ಎದುರಾಳಿ ಬೇಲಿ ಹಾಕಿ ಮುಗಿಸಿರುತ್ತಾನೆ.

ಸ್ಕೌಟ್‌ಗೆ 80 ಫುಡ್, ಗೋಲ್ಡ್ ಬೇಡ. ಮೂರರಿಂದ ಐದು ಸಾಕು. ಟೌನ್ ಸೆಂಟರ್ ಬಾಣಕ್ಕೆ ಸಿಗದ ಹಾಗೆ, ಮರ ಕಡಿಯುವ ಅಂಚಿನ ವಿಲ್ಲೇಜರ್‌ಗಳ ಮೇಲೆ ಬಿಡಿ. ಕುದುರೆಗೆ ಯಮನಾದ ಈಟಿಗಾರ ಸ್ಪಿಯರ್‌ಮನ್ ಕಂಡರೆ ಹೋರಾಡೋದು ಬೇಡ, ಜಾಗ ಬದಲಿಸಿ. ಅದು 35 ಫುಡ್, 25 ವುಡ್‌ನ ಆಳು, ನಿಮ್ಮ 80 ಫುಡ್ ತಿಂದು ಹಾಕುತ್ತಾನೆ. ಎದುರಾಳಿಯ ವಿಲ್ಲೇಜರ್ ಒಬ್ಬನೂ ಸಾಯದಿದ್ದರೂ ಅವರ ಕೆಲಸ ಎರಡು ನಿಮಿಷ ಕೆಟ್ಟರೆ ಸ್ಕೌಟ್‌ನ ದುಡ್ಡು ವಸೂಲು. ಈ ಹೊತ್ತಿನಲ್ಲಿ ಮನೆ ಕಡೆ 60 ವುಡ್‌ಗೆ ಒಂದರಂತೆ ಫಾರ್ಮ್ ಹಾಕುತ್ತ ಹೋಗಬೇಕು. ಸ್ಕೌಟ್ ನೋಡುತ್ತ ಮೈಮರೆತು ಫಾರ್ಮ್ ಬಿಟ್ಟರೆ ಬೆರ್ರಿ ಮುಗಿದ ದಿನ ಉಪವಾಸ.

ಮೂರನೇ ಯುಗವಾದ ಕ್ಯಾಸಲ್ ಏಜ್‌ಗೆ 800 ಫುಡ್, 200 ಗೋಲ್ಡ್. ಬೇಕಾದ ಎರಡು ಕಟ್ಟಡದಲ್ಲಿ ಸ್ಟೇಬಲ್ ಒಂದು ಆಗಲೇ ಇದೆ, 150 ವುಡ್‌ನ ಬ್ಲಾಕ್‌ಸ್ಮಿತ್ ಇನ್ನೊಂದು. ಮಾರ್ಕೆಟ್ ಕಟ್ಟಲೇಬೇಕು ಅಂತ ಅನೇಕರು ತಿಳಿದಿರುತ್ತಾರೆ, ಬೇಡ. ಏಜ್ ಏರುವಾಗಲೇ ಎರಡನೇ ಸ್ಟೇಬಲ್. ನೈಟ್‌ಗೆ 60 ಫುಡ್, 75 ಗೋಲ್ಡ್. ಒಂದು ಸ್ಟೇಬಲ್ ನಿಲ್ಲದೆ ನೈಟ್ ಕೊಡಬೇಕಾದರೆ ಸುಮಾರು 6 ಫಾರ್ಮ್, ಗೋಲ್ಡ್ ಮೇಲೆ 6-7 ಜನ ಬೇಕು. ಟೌನ್ ಸೆಂಟರ್ ವಿಲ್ಲೇಜರ್ ಕೊಡೋಕೆ ಇನ್ನೊಂದು 6 ಫಾರ್ಮ್. ಹಾಗಾಗಿ ಎರಡು ಸ್ಟೇಬಲ್ ಅಂದರೆ 18 ಫಾರ್ಮ್, 13 ಜನ ಗೋಲ್ಡ್‌ನಲ್ಲಿ. ಸ್ಟೇಬಲ್ ನಾಲ್ಕು ಕಟ್ಟಿ ಫಾರ್ಮ್ ಎಂಟೇ ಇಟ್ಟುಕೊಂಡು 'ನೈಟ್ ಬರ್ತಾನೇ ಇಲ್ಲ' ಅನ್ನೋದು ಗದ್ದೆ ಇಲ್ಲದವ ಕಣಜ ಕಟ್ಟಿದ ಹಾಗೆ.

ಎದುರಾಳಿ ಪೈಕ್‌ಮನ್ (ಸ್ಪಿಯರ್‌ಮನ್‌ನ ಮುಂದಿನ ಮಟ್ಟ) ಅಥವಾ ಒಂಟೆ ತಂದರೆ ನೈಟ್ ಒಂದರಿಂದಲೇ ಗೆಲ್ಲೋಕಾಗಲ್ಲ. ಪೈಕ್‌ಮನ್‌ಗೆ ಓಡೋಕೆ ಬರೋದಿಲ್ಲ, ಅವನು ಇಲ್ಲದ ಕಡೆ ನುಗ್ಗಿ. ಮಾಂಕ್ ಕಂಡರೆ ಮೊದಲು ಅವನ ಮೇಲೇ ಬೀಳಿ, ಇಲ್ಲವಾದರೆ ನಿಮ್ಮ ನೈಟ್ ಅವನದಾಗುತ್ತದೆ.

ದ್ರಾವಿಡಿಯನ್ಸ್ ವಿಷಯಕ್ಕೆ ಬರೋಣ. ಕೆಳದಿ, ಇಕ್ಕೇರಿ ಮಗ್ಗುಲಲ್ಲೇ ಇರುವವರಿಗೆ ಆ ಹೆಸರಿನ ಮೇಲೆ ಮನಸ್ಸು ಹೋಗೋದು ಸಹಜ. 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ವಿಸ್ತರಣೆಯಲ್ಲಿ ಬಂದ ಸಿವ್ ಅದು, ಪ್ರತ್ಯೇಕ ದುಡ್ಡು. ಕಥೆ ಬೇಕಾದರೆ ಅದರಲ್ಲಿ ರಾಜೇಂದ್ರ ಚೋಳನ ಕ್ಯಾಂಪೇನ್ ಇದೆ, ಆರಾಮಾಗಿ ಆಡಿ. ರ‍್ಯಾಂಕ್ಡ್‌ನಲ್ಲಿ ಅದರ ಗುಣ ಏನೆಂದರೆ, ಪ್ರತಿ ಏಜ್ ಏರಿದಾಗ 200 ವುಡ್ ಪುಕ್ಕಟೆ, ಬ್ಯಾರಕ್ಸ್ ಸಂಶೋಧನೆ ಅರ್ಧ ಬೆಲೆಗೆ, ಈಟಿ ಎಸೆಯುವ ಸ್ಕರ್ಮಿಷರ್ 25% ಬೇಗ ಎಸೆಯುತ್ತಾನೆ. ಕೇಳೋಕೆ ಭರ್ಜರಿ. ಆದರೆ ನೈಟ್ ಇಲ್ಲ. ಕ್ಯಾಸಲ್ ಏಜ್‌ನಲ್ಲಿ ಎದುರಾಳಿಯ ನಾಲ್ಕು ನೈಟ್ ನಿಮ್ಮ ಫಾರ್ಮ್‌ಗೆ ನುಗ್ಗಿ ಮೇಯುವಾಗ ಅಟ್ಟಿಸಿಕೊಂಡು ಹೋಗುವ ಪಡೆ ನಿಮ್ಮಲ್ಲಿಲ್ಲ. ಆನೆ ಇದೆ, ಅದು ಹೊರಟು ಮುಟ್ಟುವಷ್ಟರಲ್ಲಿ ಅವರು ಇನ್ನೊಂದು ಮೂಲೆಯಲ್ಲಿರುತ್ತಾರೆ. ಎಲ್ಲಿ ಬೇಲಿ, ಎಲ್ಲಿ ಪೈಕ್‌ಮನ್, ಯಾವಾಗ ಸೀಜ್ (ಕಲ್ಲೆಸೆಯುವಂಥ ಯಂತ್ರ) ಅಂತ ಮುಂಚಿತವಾಗಿ ಊಹಿಸಿ ಆಡಬೇಕು. ನೈಟ್ ಆಡಿ ಗೊತ್ತಿದ್ದವರಿಗೆ ಮಾತ್ರ ಅದು ಬರುತ್ತದೆ, ನೈಟ್‌ಗಳು ಎಲ್ಲಿಂದ ನುಗ್ಗುತ್ತವೆ ಅನ್ನೋದು ಅವರಿಗೆ ಗೊತ್ತು. ನನ್ನ ಲೆಕ್ಕದಲ್ಲಿ ಅದು ಮೂರನೇ ಸಿವ್, ಅದೂ ಮೊದಲು ನೀರಿನ ಮ್ಯಾಪ್‌ನಲ್ಲಿ. ಪ್ರತಿ ಡಾಕ್‌ಗೆ 5 ಜನಸಂಖ್ಯೆಯ ಜಾಗ, ಮೀನುಗಾರರು 15 ಹೆಚ್ಚು ಹೊರುತ್ತಾರೆ, ಅಲ್ಲಿ ಅದರ ಕೈ ಮೇಲು.

ಎರಡನೆಯದು ನಿಮ್ಮ ಗೆಳೆಯನ ಬ್ರಿಟನ್ಸ್ ಆಗಲಿ. ಕುರಿಯಿಂದ ಫುಡ್ 25% ಬೇಗ ಬರುತ್ತದೆ, ಕ್ಯಾಸಲ್ ಏಜ್‌ನಿಂದ ಬಿಲ್ಲಿನ ದೂರ ಒಂದು ಹೆಚ್ಚು. ಯಾವಾಗ ಬದಲಿಸಬೇಕು? ನಾಲ್ಕು ಆಟ ಸತತವಾಗಿ 10:15ರ ಒಳಗೆ ಫ್ಯೂಡಲ್ ಮುಟ್ಟಿ, ಮೊದಲ ಸ್ಕೌಟ್ 11ರ ಆಸುಪಾಸಿಗೆ ಹೊರಟರೆ. ಗೆದ್ದಿರೋ ಸೋತಿರೋ ಬೇರೆ ಮಾತು.

ಊರಿಗೆ ಸಂಬಂಧಿಸಿದ ಇನ್ನೆರಡು ವಿಷಯ. ಟಚ್‌ಪ್ಯಾಡ್‌ನಲ್ಲಿ ಹಂದಿ ಕರೆತರೋಕೆ ಆಗೋದಿಲ್ಲ, ಒಂದು ತಂತಿಯ ಮೌಸ್ ತಗೊಳ್ಳಿ. ಜೂನ್‌ನಿಂದ ಮಳೆ ಹಿಡಿದಾಗ ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ಆರೋದು ವೈಫೈ ಪೆಟ್ಟಿಗೆ. ಆಟದ ನಡುವೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಿಸಿದರೆ ಸಂಪರ್ಕ ಕಡಿದು ಆ ಆಟ ಸೋಲು ಅಂತಲೇ ದಾಖಲಾಗುತ್ತದೆ. ರೂಟರ್‌ಗೆ ಅಂತಲೇ ಬರುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಹಾಕಿಸಿ. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಕೊಳ್ಳುವ ಮೊದಲು ಎರಡರ ಅಡಾಪ್ಟರ್ ಮೇಲೂ ವೋಲ್ಟ್, ಆಂಪಿಯರ್ ಓದಿಕೊಳ್ಳಿ. ಗುಡುಗು ಜೋರಾದ ದಿನ ರ‍್ಯಾಂಕ್ಡ್ ಬಿಟ್ಟು ಕಂಪ್ಯೂಟರ್ ಎದುರು ಮಾಡರೇಟ್ ಮಟ್ಟದಲ್ಲಿ ಈ 21ರ ಲೆಕ್ಕವನ್ನೇ, 20 ವಿಲ್ಲೇಜರ್ ಮತ್ತು ಒಂದು ಸ್ಕೌಟ್, ಫ್ಯೂಡಲ್‌ವರೆಗೆ ಮಾತ್ರ ಆಡಿ ಮತ್ತೆ ಮೊದಲಿಂದ ಶುರು ಮಾಡಿ. ಆಟದ ಗಡಿಯಾರ ಕೈಗಡಿಯಾರಕ್ಕಿಂತ ಬೇಗ ಓಡೋದರಿಂದ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಆಗುತ್ತದೆ.